ಸಭೆಯಲ್ಲಿ ಪೊಲೀಸರಿದ್ದರೂ ಮಾತನಾಡುವ ಹಕ್ಕು ಉಳಿದಿರುತ್ತದೆ

ಫ್ಲಾರಿಡಾದ ನಿಮ್ಮ ಕಾಂಡೊ (ಪ್ರತಿ ಫ್ಲ್ಯಾಟಿಗೂ ಬೇರೆ ಮಾಲೀಕರಿರುವ ವಸತಿ ಸಮುಚ್ಚಯ) ಮಾಲೀಕರ ಸಂಘದ ಮಂಡಳಿ ಸಭೆಯಲ್ಲಿ ಮಾತನಾಡಲು ಎದ್ದಾಗ ಪೊಲೀಸರು ಪಕ್ಕಕ್ಕೆ ಬಂದು ನಿಂತರು, ಏನು ಮಾಡಬೇಕು ಎಂದು ಕೇಳಿ ಬರೆದಿದ್ದೀರಿ. ಅವರು ಬಹುಶಃ ಕರ್ತವ್ಯದ ವೇಳೆಯ ಹೊರಗೆ ಸಂಘದಿಂದ ಸಂಭಾವನೆ ಪಡೆದು ಬಂದವರು. ನಮ್ಮ ಕಟ್ಟಡದಲ್ಲಿಯೂ ಹಾಗೆಯೇ ಆಗಿತ್ತು. ಆದರೆ ಯಾರಾದರೂ ದೂರು ನೀಡಿ ಕರೆಸಿದ್ದರೇ ಎಂಬುದು ನೀವು ಬರೆದಷ್ಟರಿಂದ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಅವರ ಕುರಿತಾದ ಒಪ್ಪಂದ ಮತ್ತು ಬಿಲ್ಲುಗಳನ್ನು ನೋಡಲು ಲಿಖಿತ ಮನವಿ ಕೊಡಿ; ಸಂಘವು 10 ಕೆಲಸದ ದಿನಗಳೊಳಗೆ ದಾಖಲೆಗಳನ್ನು ತೋರಿಸಬೇಕು.

ವಾಕ್ ಸ್ವಾತಂತ್ರ್ಯವನ್ನು ಕಾಯುವ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯನ್ನು ಉಲ್ಲೇಖಿಸುವುದರಿಂದ ಇಲ್ಲಿ ಹೆಚ್ಚು ಪ್ರಯೋಜನವಾಗದು, ಏಕೆಂದರೆ ಅದು ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಸಂಘವನ್ನಲ್ಲ. ನಿಮಗೆ ನಿಜವಾಗಿ ಆಧಾರವಾಗುವುದು ರಾಜ್ಯದ ಕಾಂಡೊಮಿನಿಯಂ ಕಾಯ್ದೆಯ 718.112ನೇ ಕಲಂ: ಮಂಡಳಿಯ ಸಭೆಗೆ ಬರುವ ಮಾಲೀಕರು ಕಾರ್ಯಸೂಚಿಯ ಪ್ರತಿಯೊಂದು ವಿಷಯದ ಮೇಲೂ ಮಾತನಾಡಬಹುದು, ಸಭೆಯನ್ನು ರೆಕಾರ್ಡ್ ಮಾಡಬಹುದು. ಎಷ್ಟು ಹೊತ್ತು, ಯಾವ ರೀತಿ ಎಂಬುದಕ್ಕೆ ಮಂಡಳಿ ಸಮಂಜಸವಾದ ಲಿಖಿತ ನಿಯಮ ಮಾಡಬಹುದು. ಆ ನಿಯಮದ ಪ್ರತಿಯನ್ನೂ ಕೇಳಿ ಪಡೆಯಿರಿ.

ಮುಂದಿನ ಸಭೆಗೆ ಕಾರ್ಯಸೂಚಿಯ ಮುದ್ರಿತ ಪ್ರತಿ ಹಿಡಿದು ಹೋಗಿ, "ನಾಲ್ಕನೇ ವಿಷಯ, ಛಾವಣಿ ದುರಸ್ತಿ" ಎಂದು ಕ್ರಮಸಂಖ್ಯೆ ಹೇಳಿಯೇ ಮಾತು ಆರಂಭಿಸಿ. ಇದೊಂದೇ ಅಭ್ಯಾಸ ನನ್ನನ್ನು ಎರಡು ಬಾರಿ ಉಳಿಸಿದೆ. ಪೊಲೀಸರು ಹೊರಗೆ ಹೋಗಿ ಎಂದರೆ ಅಲ್ಲಿ ವಾದಿಸದೆ ಹೊರಬಂದು, ಸಮಯವನ್ನೂ ಅವರ ಬ್ಯಾಡ್ಜ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಅನಂತರ ಕಾರಣ ಕೇಳಿ ಸರ್ಟಿಫೈಡ್ ಅಂಚೆಯಲ್ಲಿ (ಕಳುಹಿಸಿದ್ದಕ್ಕೆ ದಾಖಲೆ ಸಿಗುವ ಅಂಚೆ) ಮಂಡಳಿಗೆ ಪತ್ರ ಕಳುಹಿಸಿದರೆ, ಅದು ಸಾಮಾನ್ಯವಾಗಿ 30 ದಿನಗಳಲ್ಲಿ ಲಿಖಿತ ಉತ್ತರ ನೀಡಬೇಕಾಗುತ್ತದೆ. ಉತ್ತರ ಬಾರದಿದ್ದರೆ ಅದೇ ಪತ್ರದ ಪ್ರತಿಯೊಂದಿಗೆ ರಾಜ್ಯದ ಕಾಂಡೊಮಿನಿಯಂ ಓಂಬುಡ್ಸ್‌ಮನ್ (ಮಾಲೀಕರು ಮತ್ತು ಮಂಡಳಿಗಳ ನಡುವಿನ ತಕರಾರುಗಳಲ್ಲಿ ನೆರವಾಗುವ ಅಧಿಕಾರಿ) ಕಚೇರಿಗೆ ಬರೆಯಿರಿ.