ಹಳೆಯ ಮಿಯಾಟಾ ಏರಿನಲ್ಲಿ ಬಿಸಿಯಾಗ್ತಿದೆ, ಯಾವ ರೇಡಿಯೇಟರ್ ಹಾಕಿಸಲಿ?

ರೇಡಿಯೇಟರ್ ವಿಷಯ ಆಮೇಲೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಎದೆ ಧಸಕ್ ಅನ್ನಿಸಿದ್ದು ಒಂದೇ ಸಾಲು: "ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತೆ, ಸ್ವಲ್ಪ ದೂರಕ್ಕೆ ತಾನಾಗೇ ಇಳಿಯುತ್ತೆ, ಬಾಟಲಿಯಲ್ಲಿ ಕೂಲೆಂಟ್ ತುಂಬಾ ಇದೆ." (ಕೂಲೆಂಟ್ ಅಂದರೆ ಎಂಜಿನ್ ತಣ್ಣಗಿಡುವ ದ್ರವ, ರೇಡಿಯೇಟರ್ ಅಂದರೆ ಅದನ್ನು ಗಾಳಿಗೆ ಒಡ್ಡಿ ತಣಿಸುವ ಭಾಗ, ಬಾಟಲಿ ಅಂದರೆ ಹೆಚ್ಚಾದ ಕೂಲೆಂಟ್ ಸೇರುವ ಡಬ್ಬ.) ಹೆಚ್ಚುಕಮ್ಮಿ ಇದೇ ಮಾತನ್ನು ಕೆಲವು ವರ್ಷದ ಹಿಂದೆ ಒಂದು ಅಕ್ಟೋಬರ್ ಭಾನುವಾರ ನಾನು ಹೆಂಡತಿಗೆ ಹೇಳಿದ್ದೆ, ಸಮಾಧಾನ ಮಾಡೋಕೆ. ಹೇಳಿ ಹತ್ತು ನಿಮಿಷಕ್ಕೆ ಎಂಜಿನ್ ಹೋಯಿತು.

ನನ್ನದೂ ಮಿಯಾಟಾನೇ, ಮಾಜ್ದಾ ಕಂಪನಿಯ ಪುಟ್ಟ ಸ್ಪೋರ್ಟ್ಸ್ ಕಾರು. 1996ರ ಗಾಡಿ, 1.8 ಲೀಟರ್ ಎಂಜಿನ್. ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿದ್ದಾಗ 4,200 ಡಾಲರಿಗೆ ತಗೊಂಡಿದ್ದು. ನನ್ನೂರು ತೀರ್ಥಹಳ್ಳಿ ಕಡೆ. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಬೆಳೆದವನಿಗೆ, ನಾರ್ತ್ ಕೆರೊಲಿನಾದ ಇನ್ನೊಂದು ತುದಿಯಲ್ಲಿ, ಟೆನೆಸಿ ಗಡಿಯಲ್ಲಿ, 11 ಮೈಲಿಗೆ 318 ತಿರುವಿರುವ ರಸ್ತೆಯೊಂದಿದೆ ಅಂದರೆ ಸುಮ್ನಿರೋಕಾಗುತ್ತಾ? ಟೇಲ್ ಆಫ್ ದಿ ಡ್ರ್ಯಾಗನ್ ಅಂತ ಅದರ ಹೆಸರು. ಹೋದೆವು, ಎರಡು ಸಲ ಆ ಕಡೆ ಈ ಕಡೆ ಓಡಿಸಿದೆವು. ಅಲ್ಲಿ ಏನೂ ಆಗಲಿಲ್ಲ. ಆಗಿದ್ದೆಲ್ಲ ವಾಪಸ್ ಬರುವಾಗ.

ದಾರಿಯಲ್ಲಿ ಸಿಲ್ವಾ ಅನ್ನೋ ಊರಿನ ಹತ್ತಿರ ಟೆಂಪರೇಚರ್ ಮುಳ್ಳು ಮಧ್ಯ ದಾಟಿತು. ಈ ಗಾಡಿಯ ಮುಳ್ಳು ಸುಲಭಕ್ಕೆ ಅಲುಗಾಡುವುದಲ್ಲ, ಅಷ್ಟೋ ಇಷ್ಟೋ ಬಿಸಿ ಹೆಚ್ಚಾದರೂ ಒಂದೇ ಕಡೆ ನಿಂತಿರುತ್ತದೆ. ಅದು ಮೇಲೆ ಹೋಯಿತು ಅಂದರೆ ವಿಷಯ ಆಗಲೇ ಕೈಮೀರುತ್ತಿದೆ ಅಂತ ಅರ್ಥ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ, ಬಾನೆಟ್ ಎತ್ತಿದೆ. ಬಾಟಲಿಯಲ್ಲಿ ಕೂಲೆಂಟ್ ಗೆರೆವರೆಗೆ ಇತ್ತು. ಹತ್ತು ನಿಮಿಷ ಕಾದು, ಸರಿ ಇದೆ ಅಂತ ಹೊರಟೆ.

ನನ್ನ ತಪ್ಪು ಇದು. ಬಾಟಲಿ ನೋಡಿದೆ, ರೇಡಿಯೇಟರ್ ನೋಡಲಿಲ್ಲ.

ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರಾಗಬೇಡಿ. ಎಂಜಿನ್ ಬಿಸಿಯಾದಾಗ ಕೂಲೆಂಟ್ ಹಿಗ್ಗುತ್ತದೆ. ಹೆಚ್ಚಾದದ್ದು ರೇಡಿಯೇಟರ್ ಮುಚ್ಚಳದ ಸ್ಪ್ರಿಂಗನ್ನು ತಳ್ಳಿಕೊಂಡು ಬಾಟಲಿಗೆ ಹೋಗುತ್ತದೆ. ತಣ್ಣಗಾದಾಗ ರೇಡಿಯೇಟರ್ ಅದನ್ನು ವಾಪಸ್ ಹೀರಿಕೊಳ್ಳಬೇಕು. ಆದರೆ ರೇಡಿಯೇಟರಿನಲ್ಲೇ ಬಿರುಕಿದ್ದರೆ ಅದು ಬಾಟಲಿಯಿಂದ ಹೀರುವುದಿಲ್ಲ, ಬಿರುಕಿನಿಂದ ಗಾಳಿ ಎಳೆದುಕೊಳ್ಳುತ್ತದೆ. ತೂತಾದ ಸ್ಟ್ರಾ ಹಾಕಿ ಎಳನೀರು ಕುಡಿದು ನೋಡಿ, ಅದೇ ಕತೆ. ಹೀಗೆ ದಿನಾ ಸ್ವಲ್ಪ ಸ್ವಲ್ಪ ಸೋರಿ, ಸುಮಾರು 6 ಲೀಟರ್ ಹಿಡಿಯುವ ಗಾಡಿಯಲ್ಲಿ ಅರ್ಧದಷ್ಟೂ ಉಳಿದಿರಲಿಲ್ಲ. ಬಾಟಲಿ ಮಾತ್ರ ತುಂಬಿಕೊಂಡು ಕೂತಿತ್ತು.

ಮುಂದೆ ಬಾಲ್ಸಮ್ ಗ್ಯಾಪ್ ಅನ್ನೋ ಘಾಟಿಯ ಏರು. ಮುಳ್ಳು ಮತ್ತೆ ಎದ್ದಿತು. ಹೀಟರ್ ಫುಲ್ ಹಾಕಿದೆ. ಉಪಾಯ ಸರಿಯಾದದ್ದೇ, ಹೀಟರ್ ಕೋರ್ ಅನ್ನೋದು ಕೂಡ ಒಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಬಿಸಿಯನ್ನು ಒಳಗೆ ಎಳೆಯುತ್ತದೆ. ಎರಡು ನಿಮಿಷ ಬಿಸಿ ಗಾಳಿ ಬಂತು. ಆಮೇಲೆ ತಣ್ಣನೆ ಗಾಳಿ. ಹಿಂದೆಯೇ ಮುಳ್ಳು ಸರ್ರನೆ ಇಳಿಯಿತು. "ನೋಡಿದ್ಯಾ, ಸರಿ ಹೋಯ್ತು" ಅಂದೆ. ಅವಳು "ವಾಸನೆ ಬರ್ತಿದೆ ರೀ" ಅಂದಳು. ಅದನ್ನು ಒಂದು ತಿಂಗಳಿಂದ ಹೇಳ್ತಿದ್ದಳು, ಆಲೆಮನೆ ಹತ್ತಿರ ಹೋದ ಹಾಗೆ ಸಿಹಿ ವಾಸನೆ ಅಂತ. ಅದು ಕೂಲೆಂಟಿನ ವಾಸನೆ. (ನಾಯಿ ಬೆಕ್ಕು ಇದ್ದರೆ ನೆಲಕ್ಕೆ ಬಿದ್ದದ್ದನ್ನು ತಕ್ಷಣ ತೊಳೆಯಿರಿ. ಸಿಹಿ ಅಂತ ನೆಕ್ಕುತ್ತವೆ, ಅದು ವಿಷ.)

ಹೀಟರಿನಿಂದ ತಣ್ಣನೆ ಗಾಳಿ ಬಂದಿದ್ದು ಅಲ್ಲಿಗೆ ತಲುಪುವಷ್ಟು ಕೂಲೆಂಟ್ ಇಲ್ಲದ್ದಕ್ಕೆ. ಮುಳ್ಳು ಇಳಿದದ್ದೂ ಅದಕ್ಕೇ. ಸೆನ್ಸರ್ ಅಳೆಯೋದು ಎಂಜಿನ್ನಿನ ಬಿಸಿಯನ್ನಲ್ಲ, ತನ್ನ ತುದಿಗೆ ತಾಗುವ ಕೂಲೆಂಟಿನ ಬಿಸಿಯನ್ನು. ಅಲ್ಲಿ ಕೂಲೆಂಟೇ ಇಲ್ಲದಿದ್ದರೆ ಅದೇನು ಹೇಳೀತು? ತಪ್ಪಲೆ ತಳ ಹಿಡಿದು ಕರಕಲಾಗುತ್ತಿರುವಾಗ ಮೇಲಿನ ಗಾಳಿಗೆ ಕೈ ಒಡ್ಡಿ, ಅನ್ನ ಸೀದಿಲ್ಲ ಅಂದ ಹಾಗೆ.

ಆಯಿಲ್ ಪ್ರೆಶರ್ ಮುಳ್ಳು ನೋಡಿದೆ, ಮಧ್ಯದಲ್ಲಿ ಗಟ್ಟಿಯಾಗಿ ನಿಂತಿತ್ತು. ಅದೂ ನಂಬುವಂಥದ್ದಲ್ಲ ಅಂತ ಆಮೇಲೆ ತಿಳಿಯಿತು. 1994ರವರೆಗಿನ ಗಾಡಿಗಳಲ್ಲಿ ಅದು ನಿಜವಾದ ಗೇಜ್. 1995ರಿಂದ ಅದರ ಹಿಂದೆ ಇರುವುದು ಬರೀ ಸ್ವಿಚ್. ಕನಿಷ್ಠ ಪ್ರೆಶರ್ ಇದ್ದರೆ ಸಾಕು, ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತದೆ. ನಿಮ್ಮದು ಯಾವ ವರ್ಷದ್ದು ಅಂತ ನೀವು ಬರೆದಿಲ್ಲ, ನೋಡಿಕೊಳ್ಳಿ.

ಏರಿನ ತುದಿ ಮುಟ್ಟುವ ಮೊದಲೇ ಪಿಕಪ್ ಬಿದ್ದುಹೋಯಿತು. ಕಟಕಟ ಸದ್ದು ಬಂತು, ಪಕ್ಕಕ್ಕೆ ತರುವಷ್ಟರಲ್ಲಿ ಆಫ್ ಆಯಿತು. ಈ ಎಂಜಿನ್ನಿನ ಕೆಳಭಾಗ, ಅಂದರೆ ಬ್ಲಾಕ್, ಬೀಡುಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಅದೇ ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೆಡ್ ಬಾಗಿತ್ತು, ಎರಡರ ನಡುವೆ ಸೋರದಂತೆ ಹಿಡಿದಿಡುವ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ ಬಿಚ್ಚಿ, ಮಟ್ಟ ಮಾಡಿಸಿ, ಗ್ಯಾಸ್ಕೆಟ್ ಸೆಟ್ಟು, ಟೈಮಿಂಗ್ ಬೆಲ್ಟು, ವಾಟರ್ ಪಂಪು ಹಾಕಿಸಿ, ಟೋ ಮಾಡಿಸಿದ್ದೂ ಸೇರಿ 2,300 ಡಾಲರ್. ಇಷ್ಟಕ್ಕೆಲ್ಲ ಮೂಲ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿನಲ್ಲಿ ಉಗುರಿನಷ್ಟು ಉದ್ದದ ಬಿರುಕು. ಹೊಸದರಲ್ಲಿ ಆ ಟ್ಯಾಂಕ್ ಕಪ್ಪಗಿರುತ್ತದೆ. ವಯಸ್ಸಾದಂತೆ ಹಸಿರುಗಂದು ಬಣ್ಣಕ್ಕೆ ತಿರುಗಿ ಪೆಡಸಾಗುತ್ತದೆ. ನನ್ನದು ಒಣಗಿದ ಅಡಿಕೆ ಹಾಳೆ ಬಣ್ಣಕ್ಕೆ ಬಂದಿತ್ತು. ವಾರವಾರ ಗಾಡಿ ತೊಳೆಯುವಾಗ ನೋಡ್ತಿದ್ದೆ, ಬಿಸಿಲಿಗೆ ಮಾಸಿದೆ ಅಂದುಕೊಂಡಿದ್ದೆ.

ಈಗ ನಿಮ್ಮ ಪ್ರಶ್ನೆ. "ಸ್ಪೋರ್ಟ್ಸ್ ಕಾರು ಬಿಸಿಯಾಗೋದು ಸಹಜ, ಹಾಗಾಗಿ ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸೋಣ ಅಂತಿದ್ದೀನಿ" ಅಂದಿದ್ದೀರಿ. ಸಹಜ ಅಲ್ಲ. ಎಲ್ಲ ಸರಿ ಇದ್ದರೆ ಕಂಪನಿ ಅಳತೆಯ ರೇಡಿಯೇಟರೇ ಎಂಥ ಬೇಸಿಗೆಗೂ ಸಾಕು. ಟರ್ಬೊ ಹಾಕಿಸಿದ್ದರೆ, ಟ್ರ್ಯಾಕಿಗೆ ಒಯ್ಯುವುದಿದ್ದರೆ ಆ ಮಾತು ಬೇರೆ. ಅಂದಾಜಿನ ಮೇಲೆ ಸಾಮಾನು ತರಬೇಡಿ. ಗ್ಯಾಸ್ಕೆಟ್ ಆಗಲೇ ಹೋಗಿದ್ದರೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ನೀರಿನಲ್ಲಿ ಹೋಮ. ಇನ್ನು ಕೆಲವರು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಬಿಸಾಡಿ ಅಂತ ಸಲಹೆ ಕೊಡ್ತಾರೆ, ನಮ್ಮೂರಲ್ಲಂತೂ ಇದು ಮಾಮೂಲು. ಕೇಳಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬರದೆ ಪೆಟ್ರೋಲ್ ಕುಡಿಯುತ್ತದೆ, ಸೋರುವುದು ಸೋರುತ್ತಲೇ ಇರುತ್ತದೆ.

ಮೊದಲು ಸೋರಿಕೆ ಹುಡುಕಿ. ಅಮೆರಿಕದಲ್ಲಾದರೆ ಬಿಡಿಭಾಗದ ಅಂಗಡಿಗಳಲ್ಲಿ ಡೆಪಾಸಿಟ್ ಇಟ್ಟರೆ ಪ್ರೆಶರ್ ಟೆಸ್ಟರ್ ಕೊಡ್ತಾರೆ. ಎಂಜಿನ್ ತಣ್ಣಗಿರುವಾಗ ಮುಚ್ಚಳದ ಜಾಗಕ್ಕೆ ಅದನ್ನು ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟು ಮಾತ್ರ ಪ್ರೆಶರ್ ಪಂಪ್ ಮಾಡಿ, ಕಾಲು ಗಂಟೆ ಬಿಡಿ. ಟೆಸ್ಟರಿನ ಮುಳ್ಳು ಇಳಿದರೆ ಟಾರ್ಚ್ ಹಿಡಿದು ನೋಡಿ: ಪ್ಲಾಸ್ಟಿಕ್ ಟ್ಯಾಂಕಿನ ಅಂಚು, ವಾಟರ್ ಪಂಪಿನ ಕೆಳಗೆ, ಎಂಜಿನ್ನಿನ ಹಿಂದೆ ಹೀಟರಿಗೆ ಹೋಗುವ ಹೋಸು. ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೂ ಪ್ರೆಶರ್ ಇಳೀತಿದೆ ಅಂದರೆ ಗ್ಯಾಸ್ಕೆಟ್ ಮೇಲೆ ಅನುಮಾನ. ಅದಕ್ಕೆ ನೀಲಿ ದ್ರವದ ಟೆಸ್ಟ್ ಇದೆ, ಸುಟ್ಟ ಗ್ಯಾಸ್ ಕೂಲೆಂಟಿಗೆ ನುಗ್ಗುತ್ತಿದ್ದರೆ ನೀಲಿ ಹಳದಿಯಾಗುತ್ತದೆ.

ಮುಚ್ಚಳವನ್ನೂ ಅದೇ ಟೆಸ್ಟರಿನಲ್ಲಿ ನೋಡಿ. ಬೆಂಗಳೂರಿನ ಎತ್ತರಕ್ಕೆ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. ಅರ್ಧ ನೀರು ಅರ್ಧ ಕೂಲೆಂಟ್ ಹಾಕಿ, ಮೇಲೆ ಮುಚ್ಚಳದ ಒತ್ತಡವೂ ಸೇರಿದರೆ 120 ದಾಟುವವರೆಗೂ ತಡೆಯುತ್ತದೆ. ಸ್ಪ್ರಿಂಗ್ ಸೋತಿದ್ದರೆ ಅಷ್ಟೆಲ್ಲ ಇಲ್ಲ. ಹದಿನೈದು ಡಾಲರಿನ ಸಾಮಾನು ಅದು.

ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಿಸಿಯಾಗಿದ್ದರೆ ಫ್ಯಾನ್ ನೋಡಿ ಅಂತಿದ್ದೆ. ನಿಮ್ಮದು ಓಡುವಾಗ, ಅದೂ ಏರಿನಲ್ಲಿ. ಅದಕ್ಕೇ ಭಯ. ರಿಪೇರಿ ಆದಮೇಲೆ ಮುಂದಿನ ಗಾಲಿ ಎತ್ತರದಲ್ಲಿಟ್ಟು, ಮುಚ್ಚಳ ತೆಗೆದು, ಹೀಟರ್ ಫುಲ್ ಹಾಕಿ, ಗುಳ್ಳೆ ನಿಲ್ಲುವವರೆಗೆ ಎಂಜಿನ್ ಓಡಿಸಿ, ಕಮ್ಮಿಯಾದಷ್ಟು ತುಂಬುತ್ತಾ ಇರಿ. ಒಳಗೆ ಗಾಳಿ ಉಳಿದರೆ ಮತ್ತೆ ಇದೇ ರಾಗ.

ಇದೆಲ್ಲ ಆಗುವವರೆಗೆ ಗಾಡಿ ತೆಗೆಯಬೇಡಿ. ನಾಳೆ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ರೇಡಿಯೇಟರ್ ಮುಚ್ಚಳ ತೆಗೆದು ಕತ್ತಿನವರೆಗೆ ತುಂಬಿ. ಬಿಸಿಯಿರುವಾಗ ಮಾತ್ರ ಮುಟ್ಟಬೇಡಿ, ಮುಖ ಸುಟ್ಟುಹೋಗುತ್ತದೆ. ಎಷ್ಟು ಲೀಟರ್ ಹಿಡಿಯಿತು, ಮೇಲಿನ ಟ್ಯಾಂಕಿನ ಬಣ್ಣ ಏನು, ಎರಡನ್ನೂ ಇಲ್ಲೇ ಕೆಳಗೆ ಬರೆಯಿರಿ.