ಮೋಡದ ತಳ ಹೇಗಿತ್ತು?

ವಿರಾಜಪೇಟೆಯ ತಂಗಿಗೆ,

ಸೂಪರ್‌ಸೆಲ್ ಗುಡುಗುಮಳೆ ಬಗ್ಗೆ ನೀವು ವಿಡಿಯೋ ನೋಡಿ ಬರೆದು ಕಳಿಸಿದ 'ಆಕಾಶದ ರಾಕ್ಷಸ' ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಬಯಲಿನ ಮೋಡವೊಂದನ್ನು ಕನ್ನಡಕ್ಕೆ ತರಬೇಕು ಅಂತ ನಿಮಗೆ ಅನ್ನಿಸಿದ್ದು ನನಗೆ ಖುಷಿ. ಭಾಷೆಯೂ ಚೆನ್ನಾಗಿದೆ. ಆದರೆ ಮೂರನೇ ಪ್ಯಾರಾ ಓದಿ ಸಿಟ್ಟು ಬಂತು. ಅದೊಂದನ್ನೇ ಹೇಳುತ್ತೇನೆ.

'ಭಯಾನಕ ಕಪ್ಪು ಮೋಡ ಆಕಾಶವನ್ನು ನುಂಗಿತು.' ಈ ಮಾತು ನಮ್ಮ ಜುಲೈ ಮಳೆಗೂ ಸಲ್ಲುತ್ತದೆ, ಅಲ್ವಾ? ಪಡುವಣ ಗಾಳಿ ಘಟ್ಟ ಹತ್ತುವಾಗ ಊರಿಗೆ ಊರೇ ಮುಚ್ಚುವ ಮೋಡ ಅದು. ಸೂಪರ್‌ಸೆಲ್ ಹಾಗಲ್ಲ. ಬಯಲಲ್ಲಿ ಸಾಮಾನ್ಯವಾಗಿ ಒಂಟಿಯಾಗಿ ನಿಂತಿರುತ್ತದೆ, ದೂರದಿಂದ ಇಡೀ ಆಕಾರ ಕಾಣುತ್ತದೆ. ಏರುಗಾಳಿ 12-15 ಕಿ.ಮೀ. ಎತ್ತರದಲ್ಲಿ ಇನ್ನು ಏರಲಾರದೆ ಅಗಲಕ್ಕೆ ಹರಡಿ, ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗುತ್ತದೆ. ಏರುಗಾಳಿ ತೀರಾ ಜೋರಿದ್ದ ಕಡೆ ಅದರ ನೆತ್ತಿಯ ಮೇಲೆ ಒಂದು ಗುಮ್ಮಟ ಏಳುತ್ತದೆ.

'ಕ್ಷಣಾರ್ಧದಲ್ಲಿ ಎಲ್ಲ ಮುಗಿಯಿತು.' ಇಲ್ಲ. ಮಾಮೂಲಿ ಗುಡುಗುಮೋಡ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಸೋಲುತ್ತದೆ, ಯಾಕೆಂದರೆ ಅದರ ಮಳೆ ಅದರದೇ ಏರುಗಾಳಿಯ ಮೇಲೆ ಬಿದ್ದು ಉಸಿರು ಕಟ್ಟಿಸುತ್ತದೆ. ಸೂಪರ್‌ಸೆಲ್ ಗಂಟೆಗಟ್ಟಲೆ ಬದುಕುತ್ತದೆ. ಅಲ್ಲಿ ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಜಾಸ್ತಿ ಜೋರು, ದಿಕ್ಕೂ ಬೇರೆ. ಹಾಗಾಗಿ ಮಳೆ ಏರುಗಾಳಿಯಿಂದ ಪಕ್ಕಕ್ಕೆ ಸರಿದು ಬೀಳುತ್ತದೆ. ನಡುವಿನ ಗಾಳಿ ಲಟ್ಟಣಿಗೆಯ ಹಾಗೆ ಉರುಳುತ್ತದೆ. ಏರುಗಾಳಿ ಆ ಲಟ್ಟಣಿಗೆಯನ್ನು ಎತ್ತಿ ನಿಲ್ಲಿಸಿದಾಗ ಅದೂ ತಿರುಗಲು ಶುರು. ಸೂಪರ್‌ಸೆಲ್ ಅನ್ನಿಸಿಕೊಳ್ಳುವುದೇ ಈ ತಿರುಗುವಿಕೆಯಿಂದ. ನಿಮ್ಮ ನಾಲ್ಕು ಪುಟದಲ್ಲಿ 'ತಿರುಗು' ಅನ್ನುವ ಪದವೇ ಇಲ್ಲ!

'ಸುರಿಮಳೆಯ ನಟ್ಟನಡುವೆ ಗೋಡೆಮೋಡ ಇಳಿಯಿತು.' ಇದಂತೂ ತಪ್ಪು. ಗೋಡೆಮೋಡ, ಅಂದರೆ ಮೋಡದ ತಳದಿಂದ ಕೆಳಕ್ಕೆ ಜೋತುಬೀಳುವ ತುಂಡು, ಇಳಿಯುವುದು ಹೆಚ್ಚಾಗಿ ಮಳೆ ಬೀಳದ ತಳದ ಕೆಳಗೆ. ಅಲ್ಲಿ ಗಾಳಿ ಮೇಲಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಮಳೆ, ಆಲಿಕಲ್ಲು ಎಲ್ಲ ಪಕ್ಕದಲ್ಲಿ. ಮೋಡದ ತಳವನ್ನು ನೀವು ನೋಡಿಯೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಇಲ್ಲೇ.

ನಾನು ಮಡಿಕೇರಿಯಲ್ಲಿ ಪತ್ರಿಕೆಗೆ ಸೇರಿದ ವರ್ಷ ಏಪ್ರಿಲ್‌ನಲ್ಲಿ ಕಾಫಿ ತೋಟವೊಂದರಲ್ಲಿ ಆಲಿಕಲ್ಲು ಬಿತ್ತು. 'ಭೀಕರ ಮಳೆ' ಅಂತ ಬರೆದುಕೊಟ್ಟೆ. ಸಂಪಾದಕರು ಕೇಳಿದ್ದು ಒಂದೇ: "ಕಲ್ಲು ಎಷ್ಟು ದಪ್ಪ ಇತ್ತು?" ನನಗೆ ಗೊತ್ತಿರಲಿಲ್ಲ. ಆಗಲೇ ತೋಟಕ್ಕೆ ವಾಪಸ್ ಕಳಿಸಿದರು. ತೋಟದ ಕೆಲಸಗಾರರ ಲೈನ್ ಮನೆಯ ಅಜ್ಜಿಯೊಬ್ಬರು ಸ್ಟೀಲ್ ಲೋಟದಲ್ಲಿ ಕಲ್ಲು ಎತ್ತಿಟ್ಟಿದ್ದರು. "ಬಿದ್ದಾಗ ನೆಲ್ಲಿಕಾಯಿ, ಈಗ ಕಡಲೆ" ಅಂದರು. ಹೊರಗೆ ಕಾಫಿ ಎಲೆಗಳೆಲ್ಲ ತೂತು. ಆ ರಾತ್ರಿ ವರದಿಗೆ ಹೋಗಿದ್ದು ಅಜ್ಜಿಯ ಮಾತು, ಎಲೆಯ ತೂತು. 'ಭೀಕರ' ಹೋಗಲಿಲ್ಲ.

ಮೂರನೇ ಪ್ಯಾರಾ ಮತ್ತೆ ಬರೆದು ಕಳಿಸಿ. ವಿಡಿಯೋ ನೋಡಿ ಬರೆಯುತ್ತಿದ್ದೇನೆ ಅಂತ ಮೊದಲ ಸಾಲಲ್ಲೇ ಹೇಳಿಬಿಡಿ, ಅದರಲ್ಲಿ ಅವಮಾನ ಏನೂ ಇಲ್ಲ. ಬರೆಯುವ ಮುಂಚೆ ಆ ವಿಡಿಯೋವನ್ನು ಸದ್ದಿಲ್ಲದೆ ಇನ್ನೊಂದು ಸಲ ಹಾಕಿ, ಮೋಡದ ತಳವನ್ನಷ್ಟೇ ನೋಡಿ.