ಸಾಲ್ವಿಯಾ ಗಿಡ ಉದ್ದಕ್ಕೆ ಹೋಗುತ್ತಿದೆ, ಪೊದೆಯಾಗಿ ಬರಬೇಕಾದರೆ ಎಲ್ಲಿ ಕತ್ತರಿಸಬೇಕು?

ಕತ್ತರಿಸಿದರೆ ಗಿಡ ಸತ್ತುಹೋದೀತೇ ಎಂದು ಕೇಳಿದ್ದೀರಿ. ಸಾಯುವುದಿಲ್ಲ, ಧೈರ್ಯವಾಗಿ ಕತ್ತರಿಸಿ. ಆದರೆ ಹಸಿರು ಎಲೆ ಇರುವ ಗೆಣ್ಣಿನ ಮೇಲೆ ಮಾತ್ರ. ಬೋಳು ಕಾಂಡಕ್ಕೆ ಕತ್ತರಿ ಹಾಕಬೇಡಿ. ನೀವು ಬರೆದಂತೆ ಕುಂಡದ ಕೆಂಪು ಸಾಲ್ವಿಯಾ ಒಂದೇ ಕಾಂಡವಾಗಿ ಒಂದೂವರೆ ಅಡಿ ಏರಿ ತುದಿಯಲ್ಲಷ್ಟೇ ಹೂ ಬಿಟ್ಟಿದೆ, ನೀಲಿಯದು ಕವಲೊಡೆದಿದ್ದರೂ ಬಾಗಿ ಬೀಳುತ್ತಿದೆ. ಎರಡಕ್ಕೂ ಅಳತೆ ಬೇರೆ ಬೇರೆ.

ಮೊದಲು ಒಂದು ಗೆಣ್ಣನ್ನು ಹತ್ತಿರದಿಂದ ನೋಡಿ. ಸಾಲ್ವಿಯಾ ತುಳಸಿಯ ಕುಟುಂಬದ ಗಿಡ: ಕಾಂಡ ಚೌಕ, ಪ್ರತಿ ಗೆಣ್ಣಿನಲ್ಲಿ ಎದುರುಬದುರು ಎರಡು ಎಲೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲಿ ಮಡಚಿಕೊಂಡ ಪುಟ್ಟ ಚಿಗುರೊಂದು ಕೂತಿರುತ್ತದೆ. ಮುಂದಿನ ಕವಲು ಅದೇ. ತುದಿಯ ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು ಈ ಚಿಗುರುಗಳನ್ನು ತಡೆದಿಟ್ಟಿರುತ್ತದೆ. ಕುಡಿ ಹೋದರೆ ತಡೆಯೂ ಹೋಗುತ್ತದೆ, ಎರಡೂ ಕಡೆಯ ಚಿಗುರು ಒಟ್ಟಿಗೆ ಏಳುತ್ತವೆ. ಕದಿರು ಚಿವುಟಿದಷ್ಟೂ ತುಳಸಿ ದಟ್ಟವಾಗುವುದು ಇದೇ ಕಾರಣಕ್ಕೆ.

ಗೆಣ್ಣಿನಿಂದ ಸುಮಾರು ಅರ್ಧ ಸೆಂ.ಮೀ. ಮೇಲೆ ಕತ್ತರಿಸಿ. ಹೆಚ್ಚು ಉಳಿಸಿದರೆ ಆ ತುಂಡು ಒಣಗುತ್ತದೆ, ಮಳೆಗಾಲದಲ್ಲಾದರೆ ಕೊಳೆತು ಕೊಳೆ ಕೆಳಕ್ಕೂ ಇಳಿಯುತ್ತದೆ. ಗುಲಾಬಿಯಂತೆ ಓರೆಯಾಗಿ ಕತ್ತರಿಸುವ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಎರಡು ಚಿಗುರೂ ಒಂದೇ ಮಟ್ಟದಲ್ಲಿರುವುದರಿಂದ ಓರೆ ಕತ್ತರಿಗೆ ಒಂದು ಬಲಿಯಾಗುತ್ತದೆ, ನೇರವಾಗಿ ಕತ್ತರಿಸಿ. ಹೊರಮುಖದ ಕಣ್ಣು ಯಾವುದು ಎಂದು ಹುಡುಕುವುದೂ ಬೇಡ. ಒಂದು ಗೆಣ್ಣಿನ ಎಲೆಗಳು ಪೂರ್ವ-ಪಶ್ಚಿಮಕ್ಕಿದ್ದರೆ ಮುಂದಿನ ಗೆಣ್ಣಿನವು ಉತ್ತರ-ದಕ್ಷಿಣಕ್ಕೆ ಇರುತ್ತವೆ, ಹಾಗಾಗಿ ಗಿಡ ತಾನಾಗಿಯೇ ನಾಲ್ಕೂ ದಿಕ್ಕಿಗೆ ತುಂಬಿಕೊಳ್ಳುತ್ತದೆ. ಎಳೆ ಕುಡಿಗೆ ಹೆಬ್ಬೆರಳು ತೋರುಬೆರಳೇ ಸಾಕು. ಬಲಿತ ಕಾಂಡಕ್ಕೆ ಹರಿತವಾದ ಕತ್ತರಿ ಬೇಕು, ಮೊಂಡಾದರೆ ಕಾಂಡ ಜಜ್ಜಿಹೋಗುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ.

ಈಗ ನಿಮ್ಮ ಕೆಂಪು ಗಿಡ. ಹೂವಿನ ತೆನೆಯ ಆಸೆ ಬಿಟ್ಟುಬಿಡಿ; ಅದನ್ನು ಉಳಿಸಿಕೊಂಡು ಪೊದೆ ಮಾಡಲು ಆಗುವುದಿಲ್ಲ. ಬುಡದಿಂದ ಎಣಿಸಿ, ಆರೋಗ್ಯವಾಗಿರುವ ಮೂರು ಜೊತೆ ಎಲೆ ಉಳಿಸಿ ಮೇಲಿನದನ್ನು ತೆಗೆಯಿರಿ. ಮೂರು ಗೆಣ್ಣಿಗೆ ಆರು ಕವಲು ಬರಬಹುದು, ಆದರೆ ಜೋರಾಗಿ ಬೆಳೆಯುವುದು ಸಾಮಾನ್ಯವಾಗಿ ಮೇಲಿನ ನಾಲ್ಕು. ಅವು ಮೂರು ಜೊತೆ ಎಲೆ ಬಿಟ್ಟಾಗ ಇನ್ನೊಮ್ಮೆ ತುದಿ ಚಿವುಟಿ. ಎರಡು ಸಲ ಸಾಕು. ಪ್ರತಿ ಸಲವೂ ಹೂವು ಎರಡು ಮೂರು ವಾರ ಹಿಂದಕ್ಕೆ ಹೋಗುತ್ತದೆ, ಚಿವುಟುತ್ತಲೇ ಇದ್ದರೆ ಹೂವೇ ಸಿಗದು. ಜನವರಿ 26ರ ಹೊತ್ತಿಗೆ ಹೂ ಬೇಕೆಂದರೆ ಡಿಸೆಂಬರ್ ಮೊದಲ ವಾರ ದಾಟಿದ ಮೇಲೆ ಕುಡಿ ಮುಟ್ಟಬೇಡಿ.

ನೀಲಿಯದು ಇನ್ನೂ ಗಟ್ಟಿ ಜಾತಿ. ಒಂದು ಸುತ್ತು ಹೂ ಮುಗಿದೊಡನೆ ಇಡೀ ಗಿಡದ ಎತ್ತರದ ಮೂರನೇ ಒಂದು ಭಾಗ ಸವರಿ. ತೀರಾ ವಾಲಿದ್ದರೆ ಅರ್ಧದಷ್ಟು. ಒಳಗಿನ ಸಣಕಲು, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಬುಡದಲ್ಲೇ ತೆಗೆಯಿರಿ. ಗಾಳಿಯಾಡದೆ ಹೋದರೆ ಎಲೆಯ ಮೇಲೆ ಬೂದಿ ರೋಗ ಹಿಡಿಯುತ್ತದೆ.

ಆಮೇಲಿನ ತೆನೆಗಳ ವಿಷಯ. ಕೆಂಪು ಸಾಲ್ವಿಯಾದಲ್ಲಿ ಕೊಳವೆಯಂಥ ಹೂ ಉದುರಿದ ಮೇಲೂ ಅದರ ಬುಡವನ್ನು ಹಿಡಿದಿದ್ದ ಬಟ್ಟಲು, ಅಂದರೆ ಪುಷ್ಪಪಾತ್ರೆ, ಕೆಂಪಾಗಿಯೇ ಉಳಿಯುತ್ತದೆ, ಹಾಗಾಗಿ ತೆನೆ ಇನ್ನೂ ಅರಳಿದೆ ಎಂದೇ ತೋರುತ್ತದೆ. ಮುಕ್ಕಾಲು ಪಾಲು ಕೊಳವೆಗಳು ಬಿದ್ದಿದ್ದರೆ ಕಾಯಬೇಡಿ. ಬೀಜ ಕಟ್ಟಲು ಶುರುವಾದರೆ ಗಿಡದ ಶಕ್ತಿ ಅಲ್ಲಿಗೇ ಹೋಗುತ್ತದೆ. ತೆನೆಯ ದಂಟನ್ನಷ್ಟೇ ಕೀಳದೆ, ಅದರ ಕೆಳಗಿನ ಒಂದು ಜೊತೆ ಎಲೆಯನ್ನೂ ಸೇರಿಸಿ ತೆಗೆದರೆ ಕೆಳಗಿನ ಗೆಣ್ಣಿನಿಂದ ದಪ್ಪ ಕವಲು ಬರುತ್ತದೆ.

ಕತ್ತರಿಸಿದ ಗಿಡ ಸಾಯುವುದು ಹೆಚ್ಚಾಗಿ ಕತ್ತರಿಯಿಂದಲ್ಲ, ನೀರಿನಿಂದ. ಎಲೆ ಕಡಿಮೆಯಾದ ಮೇಲೆ ಗಿಡ ಕುಡಿಯುವ ನೀರೂ ಕಡಿಮೆ. ಮೊದಲಿನಷ್ಟೇ ಸುರಿದರೆ ಬೇರು ಕೊಳೆಯುತ್ತದೆ. ಮೇಲಿನ ಒಂದು ಇಂಚು ಮಣ್ಣು ಒಣಗಿದ ಮೇಲೆ ಹಾಕಿ. ಗೊಬ್ಬರವನ್ನು ಅವತ್ತೇ ಕೊಡಬೇಡಿ. ವಾರ ಹತ್ತು ದಿನದಲ್ಲಿ ಹೊಸ ಚಿಗುರು ಕಂಡ ಮೇಲೆ ಎರಡು ಹಿಡಿ ಎರೆಗೊಬ್ಬರ, ಇಲ್ಲವೇ ಲೀಟರ್ ನೀರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ). ಯೂರಿಯಾ ಬೇಡ, ಸಾರಜನಕ ಹೆಚ್ಚಾದರೆ ಕಾಂಡ ಮೆತ್ತಗಾಗಿ ಮತ್ತೆ ಬೀಳುತ್ತದೆ. ದಿನಕ್ಕೆ ಕನಿಷ್ಠ ಐದಾರು ಗಂಟೆ ಬಿಸಿಲು ಬೀಳದ ಜಾಗದಲ್ಲಿ ಎಷ್ಟು ಚಿವುಟಿದರೂ ಕವಲುಗಳು ಬೆಳಕು ಹುಡುಕಿಕೊಂಡು ಉದ್ದವೇ ಆಗುತ್ತವೆ, ಹಾಗಾಗಿ ಕತ್ತರಿ ಹಿಡಿಯುವ ಮೊದಲು ಕುಂಡದ ಜಾಗ ಬದಲಿಸಿ. ಸತತ ಮಳೆ ಹಿಡಿದಿರುವಾಗ ದೊಡ್ಡದಾಗಿ ಸವರಬೇಡಿ. ಎರಡು ಮೂರು ದಿನ ಬಿಸಿಲು ಬೀಳಲಿ.

ಕೊಡಗು, ಚಿಕ್ಕಮಗಳೂರಿನಂಥ ತಂಪಿನ ಕಡೆಯ ತೋಟಗಳಿಗೆ ಹೊಂದುವ, ನೇರಳೆ ಮಖಮಲ್ಲಿನಂಥ ತೆನೆಯ ಮೆಕ್ಸಿಕನ್ ಸಾಲ್ವಿಯಾಕ್ಕೆ ಮಾತ್ರ ಈ ಅಳತೆ ನಡೆಯುವುದಿಲ್ಲ. ಅದು ಬುಡದಿಂದಲೇ ಹೊಸ ಕಡ್ಡಿ ಎಬ್ಬಿಸುತ್ತದೆ. ಹೂ ಮುಗಿದು ಬುಡದಲ್ಲಿ ಹೊಸ ಮೊಳಕೆ ಕಂಡಾಗ ಹಳೆಯ ಕಡ್ಡಿಗಳನ್ನು ನೆಲದಿಂದ 10–15 ಸೆಂ.ಮೀ.ಗೆ ಇಳಿಸಬಹುದು.

ನಿಮ್ಮ ಕೆಂಪು ಗಿಡದಲ್ಲಿ ಕೆಳಗೆ ಒಂದು ಜೊತೆ ಎಲೆಯೂ ಉಳಿದಿಲ್ಲವಾದರೆ ಬುಡವನ್ನು ನಂಬಬೇಡಿ, ಬೋಳು ಕಾಂಡ ಚಿಗುರುವುದು ಅಪರೂಪ. ತುದಿಯಿಂದ ಹೂವಿಲ್ಲದ 8–10 ಸೆಂ.ಮೀ. ಕುಡಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಮರಳಿನ ಮಿಶ್ರಣದಲ್ಲಿ ಒಂದು ಗೆಣ್ಣು ಮುಳುಗುವಂತೆ ನೆಟ್ಟು ನೆರಳಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಬೇರಾಗಿ ನಾಲ್ಕು ಜೊತೆ ಎಲೆ ಬಿಟ್ಟೊಡನೆ ತುದಿ ಚಿವುಟಿ, ಆ ಗಿಡ ಮೊದಲಿನಿಂದಲೇ ಪೊದೆಯಾಗಿ ಬೆಳೆಯುತ್ತದೆ.